ಅರ್ಧ ಆಳಿನ ಮುಯ್ಯಿ

ಇಪ್ಪತ್ತನಾಲ್ಕು ಜನ ಹೆಂಗಸರ ಮೇಲೆ ಅಧಿಕಾರ ಸಿಕ್ಕಿದ ದಿನ ಸುರೇಂದ್ರ ಮೊದಲು ಮಾಡಿದ ಕೆಲಸ, ಕೆ.ಆರ್.ಪೇಟೆ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಒಂದು ವಿಷಲ್ ಕೊಂಡದ್ದು. ಎರಡನೆಯದು, ಒಂದು ಜೊತೆ ಕರಿ ಬೂಟು. ಮೂರನೆಯದು, ಕನ್ನಡಿ ಮುಂದೆ ನಿಂತು ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡಿದ್ದು. ಹುಬ್ಬು ಗಂಟಿಕ್ಕಿದರೆ ತಾನು ಸಾಹೇಬನಂತಲ್ಲ, ಹಲ್ಲುನೋವಿನವನಂತೆ ಕಾಣುತ್ತೇನೆ ಎಂದು ಅವನಿಗೇ ಗೊತ್ತಾಯಿತು. ಬೇರೆ ಮುಖ ಇರಲಿಲ್ಲವಾದ್ದರಿಂದ ಅದನ್ನೇ ಹೊತ್ತುಕೊಂಡು ಬೂಕನಕೆರೆ ಬಸ್ಸು ಹತ್ತಿದ. ಇದು ೧೯೯೪ರ ಜೂನ್ ತಿಂಗಳ ಮಾತು.

ನಾಗಮಂಗಲದಲ್ಲಿ ಅವನ ಅಪ್ಪ ಕೃಷ್ಣಮೂರ್ತಿ ಆಚಾರ್ರದು ಚಿನ್ನಬೆಳ್ಳಿ ಕೆಲಸ. ಮನೆ ಮುಂದಿನ ಜಗಲಿಯೇ ಅಂಗಡಿ. ಒಂದು ಅಗ್ಗಿಷ್ಟಿಕೆ, ಒಂದು ಊದುಗೊಳವೆ, ಒಬ್ಬರು ಕೂರುವಷ್ಟು ಜಾಗ. ತಲೆತಲಾಂತರದಿಂದ ಆ ಜಗಲಿಯ ಮೇಲೆ ಒಬ್ಬ ಕೂತು ಒಬ್ಬನೇ ಮಾಡಿದ್ದ. ಇನ್ನೊಬ್ಬರ ಕೈಲಿ ಕೆಲಸ ಮಾಡಿಸುವ ಪ್ರಸಂಗವೇ ಆ ವಂಶಕ್ಕೆ ಬಂದಿರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಸುರೇಂದ್ರ ಯಾರದೋ ಮದುವೆಯ ಕಿವಿ ಓಲೆಗೆ ಬೆಸುಗೆ ಹಾಕಲು ಕೂತು, ಊದುಗೊಳವೆಯನ್ನು ಎಂಥಾ ಜೋರಿನಲ್ಲಿ ಊದಿದನೆಂದರೆ ಓಲೆ ಹೋಗಿ ಕಡಲೆಕಾಳಿನಂಥ ಒಂದು ಗುಂಡು ಉಳಿಯಿತು. ಅಪ್ಪ ಹೊಡೆಯಲಿಲ್ಲ. ಆ ಗುಂಡನ್ನು ಚಿಮ್ಮಟದಲ್ಲಿ ಹಿಡಿದು ನೋಡುತ್ತಾ, "ಬೆಸುಗೆ ಅನ್ನೋದು ಬೈದ್ರೆ ಕೂಡ್ಕಳಲ್ಲ ಕಣ್ಲಾ. ಅದಕ್ಕೆ ಬೇಕಾಗಿರೋದು ಉಸುರು, ಬಿರುಗಾಳಿ ಅಲ್ಲ," ಎಂದರು. ಮಾರನೆಯ ವರ್ಷ ಮಗನನ್ನು ಡಿಪ್ಲೊಮಾಕ್ಕೆ ಸೇರಿಸಿದರು.

ಡಿಪ್ಲೊಮಾವನ್ನು ಅವನು ಎರಡು ಸಲ ಬರೆದು ಪಾಸು ಮಾಡಿದ. ಆಮೇಲೆ ಪಾಂಡವಪುರದ ಒಂದು ಅಕ್ಕಿ ಗಿರಣಿಯಲ್ಲಿ ಎರಡು ವರ್ಷ ಮೂಟೆ ನೋಡಿಕೊಂಡ. ಮೂಟೆಗಳು ಎದುರು ಮಾತಾಡುತ್ತಿರಲಿಲ್ಲ. ತನಗೆ ಆಡಳಿತ ಬರುತ್ತದೆ ಎಂಬ ನಂಬಿಕೆ ಅವನಲ್ಲಿ ಹುಟ್ಟಿದ್ದು ಅಲ್ಲೇ. ಅದರ ಮೇಲೆ ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ಮೇಲ್ವಿಚಾರಕರಿಗೆಂದು ನಡೆದ ಎರಡು ದಿನದ ತರಬೇತಿಗೂ ಹೋಗಿ ಬಂದಿದ್ದ. 'ಸಲಿಗೆ ಕೊಡಬಾರದು', 'ಆಜ್ಞೆ ಚಿಕ್ಕದಾಗಿರಬೇಕು' ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಎರಡನೇ ದಿನ ಮಧ್ಯಾಹ್ನ ಪುಳಿಯೋಗರೆ ತಿಂದು ನಿದ್ದೆ ಹೋಗಿದ್ದ. ಮುಖ್ಯವಾದದ್ದನ್ನು ಹೇಳಿದ್ದು ಆಗಲೇ ಇರಬೇಕು ಎಂದು ಮುಂದೆ ಅವನಿಗೆ ಎಷ್ಟೋ ಸಲ ಅನ್ನಿಸಿತು.

ಕಾರ್ಖಾನೆ ಇದ್ದದ್ದು ಬೂಕನಕೆರೆಯ ಹೊರಗೆ, ತೆಂಗಿನ ತೋಟಗಳ ಮಗ್ಗುಲಲ್ಲಿ. ತೆಂಗಿನ ಮಟ್ಟೆಯ ನಾರನ್ನು ಹೊಸೆದು ಹುರಿ ಮಾಡುವ ಕೆಲಸ. ಉದ್ದನೆಯ ಶೆಡ್ಡಿನಲ್ಲಿ ಎಂಟು ರಾಟೆ, ರಾಟೆಗೆ ಮೂವರು. ಒಬ್ಬಳು ರಾಟೆ ತಿರುಗಿಸುತ್ತಾಳೆ. ಇಬ್ಬರು ನಾರಿನ ಗಂಟನ್ನು ಸೊಂಟಕ್ಕೆ ಕಟ್ಟಿಕೊಂಡು, ಎಳೆ ಬಿಡುತ್ತಾ, ಹಿಂದೆ ಹಿಂದೆ ನಡೆಯುತ್ತಾ ಶೆಡ್ಡಿನ ಆ ತುದಿಗೆ ಹೋಗುತ್ತಾರೆ. ಮೂವರಲ್ಲಿ ಒಬ್ಬಳು ಬರದಿದ್ದರೂ ಆ ರಾಟೆ ನಿಂತಂತೆ.

ಮಾಲೀಕ ದೇವಯ್ಯ ಕೆ.ಆರ್.ಪೇಟೆಯವರು. ಮೊದಲ ದಿನವೇ ಕುರ್ಚಿ ತೋರಿಸಿ ಹೇಳಿದರು: "ನೋಡಪ್ಪ, ಮಂಗಳೂರಿನ ಚಾಪೆ ಕಂಪನಿಗೆ ಮೂರು ಲೋಡು ಹುರಿ ಒಪ್ಕಂಡಿವ್ನಿ. ಗೌರಿ ಹಬ್ಬದೊಳ್ಗೆ ಮೂರೂ ಓಗ್ಬೇಕು. ಓದ್ವಾ, ಈ ಕುರ್ಚಿ ನಿಂದು. ಓಗ್ನಿಲ್ವಾ, ನಾಗಮಂಗಲದ ಬಸ್ಸು ನಿಂದು."

ಕುರ್ಚಿಗೆ ಮೂರು ಕಾಲಿದ್ದವು. ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ ಜೋಡಿಸಿತ್ತು. ಸುರೇಂದ್ರ ಅದರ ಮೇಲೆ ಉಸಿರು ಬಿಗಿಹಿಡಿದು ಕೂತ.

ಮಾರನೆಯ ಬೆಳಗ್ಗೆ ಒಂಬತ್ತಕ್ಕೆ ವಿಷಲ್ ಊದಿದ. ಶೆಡ್ಡಿನ ಸೂರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು. ಹೆಂಗಸರು ಇದ್ದಲ್ಲೇ ಇದ್ದರು. ಎರಡನೇ ರಾಟೆಯ ಪುಟ್ಟಗೌರಮ್ಮ, ನಾಲಗೆಗೆ ಬೀಗ ಇಲ್ಲದ ಹೆಂಗಸು, ಕತ್ತೆತ್ತಿ ಕೇಳಿದಳು: "ಏನ್ ಆಚಾರ್ರೆ, ಬಸ್ಸು ಬುಡ್ತಾವ್ರಾ? ತಡೀರಿ, ಟಿಕೀಟು ತಕ್ಕತೀನಿ."

ಅವತ್ತಿಂದ ಅವನ ಹೆಸರು 'ಕಂಡಕ್ಟರ್' ಎಂದಾಯಿತು. ಎದುರಿಗೆ ಮಾತ್ರ ಸಾಮಿ, ಆಚಾರ್ರು. ಅವನು ಕೇಳಿಸದವನಂತೆ ಗೋಡೆಗೆ ಒಂದು ಕಾಗದ ಅಂಟಿಸಿದ: 'ಯಾರೂ ತಮ್ಮ ರಾಟೆ ಬಿಟ್ಟು ಬೇರೆ ರಾಟೆಗೆ ಹೋಗತಕ್ಕದ್ದಲ್ಲ.' ಹತ್ತನೇ ಕ್ಲಾಸು ಓದಿದ ಸ್ನೇಹ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. "ಅಕ್ಸರ ಮುತ್ತಿನಂಗವೆ," ಎಂದಳು ಪುಟ್ಟಗೌರಮ್ಮ.

ಜುಲೈ ಮಧ್ಯದ ಹೊತ್ತಿಗೆ ಮೊದಲ ಲೋಡು ಹೊರಟಿತು. ಲಾರಿಯ ಹಿಂದೆ ಎದ್ದ ಧೂಳನ್ನು ನೋಡುತ್ತಾ ಸುರೇಂದ್ರ ಇದೆಲ್ಲಾ ವಿಷಲಿನ ಮಹಿಮೆ ಎಂದುಕೊಂಡ.

ಆ ವಾರವೇ ನಾಲೆಗೆ ನೀರು ಬಿಟ್ಟರು. ಸೋಮವಾರ ಆರು ಜನ ಬರಲಿಲ್ಲ. ಮಂಗಳವಾರ ಬೇರೆ ಆರು ಜನ. ಬುಧವಾರ ಒಂಬತ್ತು. ಯಾರಿಗೂ ಜ್ವರವಿಲ್ಲ, ಯಾರ ಮನೆಯಲ್ಲೂ ಸಾವಿಲ್ಲ. ಕೇಳಿದರೆ, "ನಾಟಿ ಸಾಮಿ," ಎಂದು ಒಂದೇ ಮಾತು. ಇಷ್ಟಾದರೂ ದಿನಕ್ಕೆ ಐದಾರು ರಾಟೆ ತಿರುಗುತ್ತಲೇ ಇದ್ದವು. ಹೇಗೆ ತಿರುಗುತ್ತಿವೆ ಎಂದು ಅವನು ಕೇಳಿಕೊಳ್ಳಲಿಲ್ಲ. ನಿಂತ ಎರಡು ರಾಟೆ ಮಾತ್ರ ಅವನ ಕಣ್ಣಿಗೆ ಚುಚ್ಚಿದವು.

ಇನ್ನೊಂದೂ ಕಣ್ಣಿಗೆ ಬಿತ್ತು. ಮೊದಲನೇ ರಾಟೆಯ ಚಲುವಮ್ಮ, ಐವತ್ತರ ಆಸುಪಾಸಿನ, ಕೆನ್ನೆಯಲ್ಲಿ ಯಾವಾಗಲೂ ಎಲೆಅಡಿಕೆ ಇರುವ ದಪ್ಪ ಹೆಂಗಸು, ದಿನಾ ಬೆಳಗ್ಗೆ ವಿಷಲಿಗೆ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಳಗೆ ಬರುವ ಒಬ್ಬೊಬ್ಬಳ ಕಿವಿಯಲ್ಲೂ ಏನೋ ಹೇಳುತ್ತಿದ್ದಳು. ಸೊಂಟದಲ್ಲಿ ತೂಗುವ ಹುರಿಯ ಗೊಂಚಲಿಗೆ ಗಂಟು ಹಾಕುತ್ತಿದ್ದಳು, ಬಿಚ್ಚುತ್ತಿದ್ದಳು. ಅವಳು ಇವತ್ತು ಕಿವಿ ಕಚ್ಚಿದವರಲ್ಲಿ ಕೆಲವರು ನಾಳೆ ನಾಪತ್ತೆ. ಸುರೇಂದ್ರನಿಗೆ ಇನ್ನೇನು ಸಾಕ್ಷಿ ಬೇಕು? ಕುರ್ಚಿಯ ನಾಲ್ಕನೇ ಕಾಲು ಕಿತ್ತವಳು ಇವಳೇ ಎಂದು ತೀರ್ಮಾನಿಸಿದ.

ಮಾರನೆಯ ದಿನ ಎಲ್ಲರ ಮುಂದೆ ಕರೆದ. "ನಾಳೆ ಯಾರು ಬರಲ್ಲ ಅಂತ ನಿಮಗೆ ಇವತ್ತೇ ಹೇಗೆ ಗೊತ್ತಾಗುತ್ತೆ?"

"ಯಾರ್ಗಾದ್ರೂ ಒಬ್ಬರ್ಗೆ ಗೊತ್ತಿರ್ಬೇಕಲ್ವಾ ಸಾಮಿ?"

"ಕಾರ್ಖಾನೆ ನಡೆಸೋಕೆ ನಾನಿದ್ದೀನಿ."

"ಇರಿ. ಬ್ಯಾಡ ಅಂದೋರ್ಯಾರು?"

ಶೆಡ್ಡೆಲ್ಲಾ ಗೊಳ್ಳೆಂದಿತು. ಸುರೇಂದ್ರನ ಹಲ್ಲುನೋವಿನ ಮುಖ ಕಿವಿಯವರೆಗೂ ಕೆಂಪೇರಿತು. ಚಿಕ್ಕ ಆಜ್ಞೆಯೊಂದು ಬಾಯಿಂದ ಹೊರಬಿತ್ತು: "ನಾಳೆಯಿಂದ ನೀವು ಬರೋದು ಬೇಡ."

ನಗು ನಿಂತಿತು. ಚಲುವಮ್ಮ ಸೊಂಟದ ನಾರಿನ ಗಂಟು ಬಿಚ್ಚಿ, ಒಂದೆಳೆಯೂ ಚೆಲ್ಲದ ಹಾಗೆ ರಾಟೆಯ ಪಕ್ಕ ಇಟ್ಟಳು. ಹುರಿಯ ಗೊಂಚಲನ್ನು ತಂದು ಅವನ ಮೇಜಿನ ಮೇಲೆ ಹಾಕಿದಳು. "ಇದ ನೀವೇ ಮಡಿಕಳಿ. ಬೇಕಾಯ್ತದೆ," ಎಂದು ಹೊರಟಳು. ಅವನು ಅದನ್ನು ಖಾನೆಗೆ ತಳ್ಳಿದ.

ಮರುದಿನ ಹದಿನಾರು ಜನ ಬಂದಿದ್ದರು. ಬಾರದವರು ಎಂಟೇ ಎಂಟು. ಆದರೆ ಆ ಎಂಟು ಜನ ಎಂಟು ರಾಟೆಗೆ ಸೇರಿದವರು, ಒಂದೊಂದರಿಂದ ಒಬ್ಬೊಬ್ಬಳು. ಎಂಟೂ ರಾಟೆ ನಿಂತವು. ಹದಿನಾರು ಜನ ನೆಲದ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರಿಕೊಳ್ಳುತ್ತಿದ್ದರು.

"ಏನಿದು? ಮೂರು ಮೂರು ಜನ ಸೇರಿಕೊಂಡು ಶುರು ಮಾಡಬಾರದಾ?"

ಪುಟ್ಟಗೌರಮ್ಮ ಗೋಡೆಯ ಕಾಗದದ ಕಡೆ ಗಲ್ಲ ತೋರಿಸಿದಳು. "ನಮ್ ನಮ್ ರಾಟೆ ತಾವೇ ಇದ್ದೀವಿ ಸಾಮಿ. ಅಲ್ಲಾಡಿದ್ರೆ ಕೇಳಿ."

ಅವನು ಕಾಗದ ಹರಿದು, ತಾನೇ ಮೂರು ಮೂರು ಜನರನ್ನು ಜೋಡಿಸಿದ. ಯಾರ ಕೈ ಬಿರುಸು, ಯಾರದು ನಿಧಾನ ಎಂದು ಅವನಿಗೇನು ಗೊತ್ತು? ಒಬ್ಬಳು ಆ ತುದಿ ಮುಟ್ಟುವ ಹೊತ್ತಿಗೆ ಇನ್ನೊಬ್ಬಳು ಅರ್ಧ ದಾರಿ. ನಾಲ್ಕು ದಿನ ತಯಾರಾದ ಹುರಿ ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿಕೊಂಡಿತ್ತು. ದೇವಯ್ಯ ಬಂದು ಒಂದು ಎಳೆ ಹಿಡಿದು ಜಗ್ಗಿದರು. ಕೈಗೇ ಬಂತು.

"ಎರಡನೇ ಲೋಡೂ ಆಗ್ನಿಲ್ಲ. ಗೌರಿ ಹಬ್ಬಕ್ಕೆ ಇನ್ನು ಐದು ವಾರ," ಎಂದರು. ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. "ಬಸ್ಸಿನ ಟೈಮು ತಿಳ್ಕಂಡಿರಪ್ಪ," ಎಂದು ಹೋದರು.

ಸುರೇಂದ್ರ ಮೇಜಿನ ಖಾನೆ ಎಳೆದ. ರಾಜೀನಾಮೆ ಬರೆಯಲು ಕಾಗದ ಹುಡುಕುವಾಗ ಕೈಗೆ ಸಿಕ್ಕಿದ್ದು ಹುರಿಯ ಗೊಂಚಲು. ಬೆರಳು ತಾನಾಗಿ ಅದರ ಮೇಲೆ ಆಡಿತು. ಎಷ್ಟಾದರೂ ಅಕ್ಕಸಾಲಿಯ ಮಗ. ಇಪ್ಪತ್ತನಾಲ್ಕು ಎಳೆ. ಕೆಲವಕ್ಕೆ ಒಂದು ಗಂಟು, ಕೆಲವಕ್ಕೆ ಮೂರು, ಕೆಲವು ಎಳೆಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ್ದಳು. ಗಂಟುಗಳಲ್ಲಿ ಒಂದು ಕ್ರಮ ಇತ್ತು. ಸ್ನೇಹಳನ್ನು ಕರೆದ.

"ಏನಮ್ಮಾ ಇದು?"

"ಮುಯ್ಯಿ ಸಾ."

"ಮುಯ್ಯಿ ಅಂದ್ರೆ ಮದುವೆ ಮನೇಲಿ ಮಾಡೋದಲ್ವಾ?"

ಅನ್ನ ಎಂದರೇನು ಎಂದು ಕೇಳಿದವನನ್ನು ನೋಡುವಂತೆ ಸ್ನೇಹ ಅವನನ್ನು ನೋಡಿದಳು. "ನಿಮ್ಗೆ ಗದ್ದೆ ಇಲ್ವಾ ಸಾ? ನಾಟಿಗೆ ಕೂಲಿಯೋರು ಎಲ್ಲಿ ಸಿಕ್ತಾರೆ? ಇವತ್ತು ನಿಮ್ ಗದ್ದೇಗೆ ನಾನು ಒಂದಿನ ಬಂದ್ರೆ, ನಾಳೀಕೆ ನಮ್ ಗದ್ದೇಗೆ ನೀವು ಒಂದಿನ ಬರ್ಬೇಕು. ಅದೇ ಮುಯ್ಯಾಳು. ಅದ ತೀರಿಸ್ದೆ ಇದ್ರೆ ಊರಲ್ಲಿ ತಲೆ ಎತ್ಕಂಡು ಓಡಾಡಂಗಿಲ್ಲ. ಯಾರು ಯಾರಿಗೆ ಎಷ್ಟು ದಿನ ಅಂತ ಚಲುವಕ್ಕ ಗಂಟಾಕ್ತಿದ್ರು."

"ಅದಕ್ಕೂ ರಾಟೆಗೂ ಏನು ಸಂಬಂಧ?"

"ಆರು ಜನ ಗದ್ದೇಗೆ ಓಗ್ಬೇಕು ಅಂದ್ರೆ, ಮಿಕ್ಕೋರ್ನ ಸರಿಯಾಗಿ ಜೋಡಿಸ್ತಿದ್ರು. ಬಿರುಸಿನ ಕೈಗೆ ಬಿರುಸಿನ ಕೈ. ಎರಡು ರಾಟೆ ನಿಂತ್ರೂ ಆರು ತಿರುಗ್ತಿದ್ವಲ್ಲ ಸಾ. ನಿಮ್ ವಿಷಲಿಗೆ ತಿರುಗ್ತಾವೆ ಅನ್ಕಂಡಿದ್ರಾ?"

ಹಾಗೆಯೇ ಅಂದುಕೊಂಡಿದ್ದ. ಗೋಡೆಯ ಕಾಗದವನ್ನು ಚಲುವಮ್ಮ ಒಂದು ದಿನವೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಅವನು ಒಂದು ದಿನವೂ ಕಂಡುಹಿಡಿದಿರಲಿಲ್ಲ. ಕಾರ್ಖಾನೆಯನ್ನು ನಿಲ್ಲಿಸುತ್ತಿದೆ ಎಂದು ಅವನು ಕತ್ತರಿಸಿದ ಕೈಯೇ ಇಷ್ಟು ದಿನ ಅದನ್ನು ನಡೆಸುತ್ತಿತ್ತು. ಏಳು ವರ್ಷದ ಹಿಂದಿನ ಓಲೆ ಮತ್ತೊಮ್ಮೆ ಕರಗಿ ಗುಂಡಗಾದಂತೆ ಕಂಡಿತು. ರಾಜೀನಾಮೆಗೆಂದು ತೆಗೆದ ಖಾಲಿ ಕಾಗದವನ್ನು ಮಡಚಿ ಕುರ್ಚಿಯ ಇಟ್ಟಿಗೆ ಅಲ್ಲಾಡದಂತೆ ಅದರಡಿ ತುರುಕಿದ.

ಮರುದಿನ ಬೆಳಗ್ಗೆ ಕೆರೆಯ ಕೆಳಗಿನ ಚಲುವಮ್ಮನ ಗದ್ದೆಗೆ ಸೈಕಲ್ ತುಳಿದ. ಅವತ್ತು ನಾಟಿಯ ಸರದಿ ಅವಳದೇ. ಆರು ಹೆಂಗಸರು ಸಾಲಾಗಿ ಬಗ್ಗಿ ಪೈರು ನೆಡುತ್ತಿದ್ದರು. ಅವನ ರಾಟೆಗಳಿಗೆ ಬಾರದವರೇ.

"ತಪ್ಪಾಯ್ತು ಚಲುವಕ್ಕ," ಎಂದ ಬದದ ಮೇಲೆ ನಿಂತು.

ಅವಳು ತಲೆ ಎತ್ತಲಿಲ್ಲ. "ಬೂಟು ಬಿಚ್ಚಿ ಮಾತಾಡಿ. ಬದ ಕುಸಿತದೆ."

ಬೂಟು ಬಿಚ್ಚಿದ. ಪ್ಯಾಂಟು ಮಡಚಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲಾ ಖಾಲಿಯಾಗಿತ್ತು. "ಪೈರು ಕೊಡಿ. ನಾನೂ ನೆಡ್ತೀನಿ," ಎಂದು ಗದ್ದೆಗೆ ಇಳಿದ.

ನಾಟಿ ಹಾಕುವವರು ಹಿಂದೆ ಹಿಂದೆ ಸರಿಯುತ್ತಾರೆ. ಶೆಡ್ಡಿನಲ್ಲಿ ಹುರಿ ಹೊಸೆಯುವಾಗಲೂ ಅದೇ ನಡಿಗೆ. ಎರಡು ತಿಂಗಳು ಅದನ್ನು ಕುರ್ಚಿಯಿಂದ ನೋಡಿದ್ದ ಸುರೇಂದ್ರ ಮಾತ್ರ ಮುಂದೆ ಮುಂದೆ ಹೋಗಿ, ತಾನು ನೆಟ್ಟದ್ದನ್ನೆಲ್ಲಾ ತಾನೇ ತುಳಿದ.

"ಅಯ್ಯೋ ಕಂಡಕ್ಟ್ರೇ, ರಿವರ್ಸು! ರಿವರ್ಸು!" ಎಂದು ಪುಟ್ಟಗೌರಮ್ಮ ಕಿರುಚಿದಳು. ಅವನು ಗಾಬರಿಯಲ್ಲಿ ಹಿಂದೆ ಕಾಲಿಟ್ಟು ಕೆಸರಿನಲ್ಲಿ ಕುಂಡಿ ಊರಿ ಕೂತ.

"ಪೀಪಿ ಊದಿ ಸಾಮಿ, ಪೈರು ನೆಟ್ಗೆ ನಿಂತ್ಕತವೆ!" ಎಂದಳು ಇನ್ನೊಬ್ಬಳು.

ಎಲ್ಲರಿಗಿಂತ ಮೊದಲು ನಕ್ಕವನು ಅವನೇ. ಎರಡು ತಿಂಗಳಿಂದ ಹೊತ್ತಿದ್ದ ಹುಬ್ಬಿನ ಗಂಟು ಕೆಸರಲ್ಲಿ ಎಲ್ಲೋ ಬಿದ್ದುಹೋಯಿತು, ಮತ್ತೆ ಹುಡುಕಲಿಲ್ಲ. ಮಧ್ಯಾಹ್ನ ಬದದ ಮೇಲೆ ಕೂತು ಅವರ ಜೊತೆಗೇ ಮುದ್ದೆ ಉಪ್ಸಾರು ಉಂಡ. ಸ್ನೇಹ ಎಡಗೈಯವಳು, ಅದಕ್ಕೇ ಅವಳನ್ನು ಗೋಡೆ ಪಕ್ಕದ ರಾಟೆಗೆ ಹಾಕಬಾರದು ಎಂದು ಗೊತ್ತಾಯಿತು. ಪುಟ್ಟಗೌರಮ್ಮನಿಗೆ ಮಂಡಿನೋವು, ಅದಕ್ಕೇ ಅವಳು ರಾಟೆ ತಿರುಗಿಸುವವಳು, ನಡೆಯುವವಳಲ್ಲ. ತುತ್ತಿಗೊಂದು ಪಾಠ. ಈ ಸಲ ನಿದ್ದೆ ಬರಲಿಲ್ಲ.

ಸಂಜೆ ಚಲುವಮ್ಮ ಅವನು ನೆಟ್ಟ ಸಾಲಿನ ಗುಂಟ ನಡೆದು, ವಾರೆಯಾದದ್ದನ್ನೆಲ್ಲಾ ಕಿತ್ತು ಮತ್ತೆ ನೆಟ್ಟಳು. ಬದಕ್ಕೆ ಹತ್ತಿ ಕೈ ತೊಳೆದುಕೊಂಡು ತೀರ್ಪು ಕೊಟ್ಟಳು: "ಇವತ್ತು ನನ್ ಗದ್ದೇಗೆ ಬಂದೋರು ಆರಾಳು. ಮತ್ತೊಂದು ಅರ್ಧಾಳು."

"ಹಾಗಾದ್ರೆ ನನಗೆ ಅರ್ಧ ಆಳು ಮುಯ್ಯಿ ಬರಬೇಕು," ಎಂದ ಸುರೇಂದ್ರ.

ಚಲುವಮ್ಮ ಎಲೆಅಡಿಕೆ ಉಗಿದು, ಅವನನ್ನು ತಲೆಯಿಂದ ಕೆಸರುಗಾಲಿನವರೆಗೆ ಒಂದು ಸಲ ನೋಡಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕಳು. "ಗಟ್ಟಿಗ ಕಣಪ್ಪ ನೀನು! ಬತ್ತೀನಿ. ಮುಯ್ಯಿ ಮುಳುಗಿಸೋ ಎಂಗ್ಸಲ್ಲ ಈ ಚಲುವಿ."

ಬಂದಳು. ಮರುದಿನ ಮಧ್ಯಾಹ್ನ ಊಟದ ಮೇಲೆ, ಸರಿಯಾಗಿ ಅರ್ಧ ದಿನಕ್ಕೆ. ಗೊಂಚಲು ಇಸಿದುಕೊಂಡು, ಬಂದಿದ್ದವರನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕೂರಿಸಿದಳು. ಐದು ರಾಟೆ ತಿರುಗಿದವು. ಸಂಜೆ ಸೆರಗು ಕೊಡವಿ, "ನಂದು ತೀರ್ತು," ಎಂದಳು.

"ನಾಳೆ?"

"ನಾಳೆದು ಮುಯ್ಯಿ ಅಲ್ಲ, ಸಂಬಳದ್ದು. ಎಲ್ರ ಮುಂದೆ ಕಳುಸ್ದೋರು ಎಲ್ರ ಮುಂದೆ ಕರೀಬೇಕು."

ಸುರೇಂದ್ರ ರಾಟೆಗಳ ನಡುವೆ ಬಂದು ನಿಂತ. ವಿಷಲ್ ಜೇಬಲ್ಲೇ ಇತ್ತು, ಊದಲಿಲ್ಲ. "ತಪ್ಪು ನಂದು. ಈ ಶೆಡ್ಡು ನಡೆಸ್ತಾ ಇದ್ದೋರು ಚಲುವಕ್ಕ. ನನಗೆ ಗೊತ್ತಾಗಲಿಲ್ಲ. ಅಕ್ಕ, ನಾಳೆಯಿಂದ ಬನ್ನಿ. ಯಾರು ಯಾವ ರಾಟೆ ಅಂತ ಹೇಳೋದು ನೀವು. ನಿಮಗೆ ಏನು ಬೇಕೋ ಅದನ್ನ ಒದಗಿಸೋದು ನಾನು." ಯಾರೂ ನಗಲಿಲ್ಲ. ಪುಟ್ಟಗೌರಮ್ಮ ಕೂಡ.

ಚಲುವಮ್ಮ ಕೇಳಿದ್ದು ಒಂದೇ: ಕೆಲಸದ ಹೊತ್ತು ಬದಲಾಗಬೇಕು. ಬೆಳಗ್ಗೆ ಆರಕ್ಕೆ ಶುರು, ಎರಡಕ್ಕೆ ಮುಕ್ತಾಯ, ಆಮೇಲೆ ಗದ್ದೆ. ಅರ್ಧ ದಿನದ ಮುಯ್ಯಿಯನ್ನು ಊರಿನವರೂ ಒಪ್ಪಿದರು. ಸಾಹೇಬನದೇ ಅರ್ಧ ಆಳಿಗೆ ನಡೆದಿದೆಯಲ್ಲ! ಐದು ರಾಟೆ ಏಳಾಯಿತು, ಏಳು ಎಂಟಾಯಿತು. ಆಗಸ್ಟ್ ಮಧ್ಯಕ್ಕೆ ಎರಡನೇ ಲೋಡು ಹೋಯಿತು. ಸುರೇಂದ್ರ ಆರಕ್ಕೆ ಮುಂಚೆ ಬಂದು ನಾರು ನೆನೆಸಿಡುತ್ತಿದ್ದ, ರಾಟೆಗಳಿಗೆ ಎಣ್ಣೆ ಬಿಡುತ್ತಿದ್ದ. ಯಾರದಾದರೂ ಕೈ ನಿಧಾನವಾದರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳುತ್ತಿದ್ದ. ಉಸಿರು, ಬಿರುಗಾಳಿಯಲ್ಲ. ವಿಷಲ್ ಹೊರಗೆ ಒಣಹಾಕಿದ ನಾರಿನ ಮೇಲೆ ಮಲಗುವ ನಾಯಿಗಳನ್ನು ಓಡಿಸಲು ಉಪಯೋಗವಾಯಿತು. ನಾಯಿಗಳು ಚೆನ್ನಾಗಿ ಆಜ್ಞೆ ಪಾಲಿಸಿದವು.

ಹಬ್ಬಕ್ಕೆ ಆರು ದಿನ ಇರುವಾಗ, ಮಧ್ಯಾಹ್ನ ಮೂರಕ್ಕೆ, ಹೇಳದೆ ಕೇಳದೆ ದೇವಯ್ಯ ಬಂದರು. ಶೆಡ್ಡಿನಲ್ಲಿ ನರಪಿಳ್ಳೆ ಇಲ್ಲ. ಸುರೇಂದ್ರನೊಬ್ಬ ರಾಟೆಗೆ ಎಣ್ಣೆ ಬಿಡುತ್ತಿದ್ದ.

"ಎಲ್ಲಲಾ ಎಂಗುಸ್ರು?"

"ಗದ್ದೇಲವ್ರೆ ಸಾ."

"ಗದ್ದೇಲಾ! ನೀನ್ಯಾಕೆ ಮತ್ತೆ ಇಲ್ಲಿ ಕುಂತಿದ್ದೀಯೆ, ನೀನೂ ಓಗು!"

"ಇವತ್ತು ನಾನು ಯಾರಿಗೂ ಮುಯ್ಯಿ ಕೊಡಬೇಕಾಗಿಲ್ಲ ಸಾ, ಅದಕ್ಕೆ."

ದೇವಯ್ಯನ ಬಾಯಿಂದ ಬರಲಿದ್ದ ಮಾತು ಏನೋ, ಬರುವ ಮೊದಲೇ ಸುರೇಂದ್ರ ಉಗ್ರಾಣದ ಬಾಗಿಲು ತೆಗೆದ. ಹುರಿಯ ಸುರುಳಿಗಳು ಸೂರು ಮುಟ್ಟಿದ್ದವು. ದೇವಯ್ಯ ಒಂದು ಎಳೆ ಹಿಡಿದು ಜಗ್ಗಿದರು. ಕಾಲು ಊರಿ ಮತ್ತೆ ಜಗ್ಗಿದರು. ಹುರಿ ಅಲ್ಲಾಡಲಿಲ್ಲ, ದೇವಯ್ಯನವರೇ ಮುಗ್ಗರಿಸಿದರು.

"ಲಾರಿಗೆ ಯೋಳ್ಬೇಕಲ್ಲಲಾ!"

"ಯೋಳಿವ್ನಿ ಸಾ. ನಾಳೆ ಬತ್ತದೆ." ಆ ಭಾಷೆ ತನ್ನ ಬಾಯಿಗೆ ಯಾವಾಗ ಬಂತೆಂದು ಅವನಿಗೇ ಗೊತ್ತಿರಲಿಲ್ಲ.

ಮೂರನೇ ಲೋಡು ಹಬ್ಬಕ್ಕೆ ಐದು ದಿನ ಮೊದಲೇ ಹೊರಟಿತು. ಲಾರಿ ತಿರುವು ದಾಟುವವರೆಗೂ ಇಪ್ಪತ್ತನಾಲ್ಕು ಹೆಂಗಸರು ಕೇಕೆ ಹಾಕಿದರು. ಆ ವಾರ ಸಂತೆಬಾಚಹಳ್ಳಿಯ ಬಡಗಿಯೊಬ್ಬ ಬಂದು ಕುರ್ಚಿಗೆ ನಾಲ್ಕನೇ ಕಾಲು ಜೋಡಿಸಿದ. ಇಟ್ಟಿಗೆಯಡಿಯ ಮಡಚಿದ ಕಾಗದವನ್ನು ಸುರೇಂದ್ರ ಒಲೆಗೆ ಹಾಕಿದ.

ನಾಲ್ಕು ವರ್ಷದಲ್ಲಿ ದೇವಯ್ಯ ಶ್ರೀರಂಗಪಟ್ಟಣದ ಹತ್ತಿರ ಒಂದು, ಪಾಂಡವಪುರದಲ್ಲಿ ಒಂದು ಶೆಡ್ಡು ಹಾಕಿದರು. ಮೂರಕ್ಕೂ ಸುರೇಂದ್ರನೇ ಮ್ಯಾನೇಜರು. ಚಲುವಮ್ಮ ಬೂಕನಕೆರೆ ಶೆಡ್ಡಿನ ಮೇಸ್ತ್ರಿ, ಮೇಸ್ತ್ರಿಯ ಸಂಬಳದ ಮೇಲೆ. ನಾಗಮಂಗಲದಲ್ಲಿ ಅಪ್ಪ ಗಿರಾಕಿಗಳಿಗೆಲ್ಲಾ, "ನಮ್ಮುಡುಗ ಅರವತ್ತು ಜನಕ್ಕೆ ಬೆಸುಗೆ ಹಾಕ್ತವ್ನೆ," ಎಂದು ಹೇಳಿಕೊಳ್ಳುತ್ತಿದ್ದರು.

ಪ್ರತಿ ವರ್ಷ ನಾಟಿಗೆ ಅವನು ಚಲುವಮ್ಮನ ಗದ್ದೆಗೆ ಒಂದು ದಿನ ತಪ್ಪದೆ ಹೋದ. ಎರಡನೇ ವರ್ಷವೂ ಅರ್ಧಾಳೇ. ಮೂರನೆಯ ವರ್ಷ ಮುಕ್ಕಾಲು. ನಾಲ್ಕನೆಯ ವರ್ಷ ಮುಕ್ಕಾಲಿನ ಮೇಲೆ ಸ್ವಲ್ಪ ಎಂದಳು. ಪುಟ್ಟಗೌರಮ್ಮ ಆಕ್ಷೇಪಿಸಿ ಅದನ್ನು ಮತ್ತೆ ಮುಕ್ಕಾಲಿಗೆ ಇಳಿಸಿದಳು.

ತೊಂಬತ್ತೆಂಟರ ಆಗಸ್ಟ್. ಸಂಜೆ ಚಲುವಮ್ಮ ಅವನ ಸಾಲಿನ ಗುಂಟ ನಡೆದಳು. ಬಗ್ಗಿದಳು. ಒಂದು ಪೈರು ಹಿಡಿದು ಅಲ್ಲಾಡಿಸಿ ನೋಡಿದಳು, ಬಿಟ್ಟಳು. ಕೊನೆಯವರೆಗೂ ಒಂದನ್ನೂ ಕೀಳಲಿಲ್ಲ. ಬದಕ್ಕೆ ಹತ್ತಿ ಕೈ ತೊಳೆದುಕೊಂಡಳು.

"ಒಂದಾಳು," ಎಂದಳು.

ಅರವತ್ತು ಜನರ ಮ್ಯಾನೇಜರು ಮೊಣಕಾಲುದ್ದದ ಕೆಸರಿನಲ್ಲಿ ಎರಡೂ ಕೈ ಮೇಲೆತ್ತಿ ಕುಣಿದ. ಕುಣಿದದ್ದಕ್ಕೆ ನಾಲ್ಕು ಪೈರು ಮುರಿಯಿತು. "ಮುಕ್ಕಾಲು ಮಾಡೇ, ಮುಕ್ಕಾಲು ಮಾಡು!" ಎಂದು ಪುಟ್ಟಗೌರಮ್ಮ ಕೂಗಿದಳು.

"ಕೊಟ್ಟಾಯ್ತು, ಬುಡು," ಎಂದಳು ಚಲುವಮ್ಮ. "ಇಡೀ ದಿನದ ಮುಯ್ಯಿ ಕಣಪ್ಪ ಈಗ. ಎಲ್ಲಿಗೆ ಬರ್ಬೇಕು?"

"ಪಾಂಡವಪುರಕ್ಕೆ. ಅಲ್ಲಿಗೆ ಒಬ್ಬ ಹೊಸಬ ಸೂಪರ್‌ವೈಸರು ಬಂದವ್ನೆ. ನಿನ್ನೆ ನೋಡ್ದೆ, ಬೂಟು ಆಕ್ಕಂಡು, ಉಬ್ಬು ಗಂಟಿಕ್ಕಂಡು ಕುಂತವ್ನೆ."

"ವಿಷಲ್ ತಂದವ್ನಾ?"

"ತಂದವ್ನೆ."

ಚಲುವಮ್ಮ ಸೊಂಟದ ಗೊಂಚಲಿನಲ್ಲಿ ಒಂದು ಎಳೆ ಹುಡುಕಿ ಬಿಗಿಯಾಗಿ ಗಂಟು ಹಾಕಿದಳು. "ನಾನು ಅಲ್ಲಿಗೆ ಬರೋಕೆ ಮುಂಚೆ ಅವನ್ನ ಇಲ್ಲಿಗೆ ಕಳ್ಸು," ಎಂದಳು. "ಆಚೆ ತಾಕಿನ ನಾಟಿ ಇನ್ನೂ ಆಗಿಲ್ಲ."